ಟೊಂಕ ಹಿಡಿಸಿದ ನೀರು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ ಮುರಿಯುತ್ತಿದ್ದ ಮನುಷ್ಯ ಒಂದು ದಿನ ಬೆನ್ನನ್ನು ಗೋಡೆಗೆ ಆನಿಸುತ್ತಾನೆ. ವರ್ಷವೊಂದು ಕಳೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತು ತಾಟನ್ನು ಕೈಯಲ್ಲಿ ಹಿಡಿಯುತ್ತಾನೆ. ಆಮೇಲೆ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವುದು ನಿಲ್ಲುತ್ತದೆ. ಬಯಲಿಗೆ ಹೋದರೆ ಏಳಲು ಗಿಡವೊಂದರ ಆಸರೆ ಬೇಕಾಗುತ್ತದೆ. ಏನಾಯಿತೆಂದು ಕೇಳಿದರೆ 'ಟೊಂಕ ಹಿಡಿದೈತಿ' ಎಂಬ ಉತ್ತರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಮಾತು ಎಷ್ಟು ಸಹಜವೆಂದರೆ, ಅದು ಕಾಯಿಲೆಯೊಂದರ ಲಕ್ಷಣವಾಗಿರಬಹುದೆಂದು ಯೋಚಿಸುವವರು ಕಡಿಮೆ. ವಯಸ್ಸಾಯಿತು, ದುಡಿತ ಹೆಚ್ಚಾಯಿತು, ವಾಯು ಸೇರಿತು ಎಂದು ಸಮಾಧಾನ ಹೇಳಿಕೊಳ್ಳುವುದೇ ರೂಢಿ.

ಟೊಂಕ ಎಂಬ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಸೇರುತ್ತದೆ, ಸೊಂಟವೂ ಸೇರುತ್ತದೆ, ತೊಡೆಯ ಎಲುಬು ಸೊಂಟವನ್ನು ಕೂಡುವ ಕೀಲೂ ಸೇರುತ್ತದೆ. ವೈದ್ಯರಿಗೆ ಇವು ಬೇರೆ ಬೇರೆ ತಾಣಗಳು. ನೋವಿನ ಕಾರಣಗಳೂ ಬೇರೆ ಬೇರೆ. ಕೆಲವು ಕಾರಣಗಳನ್ನು ಇಂದು ಬೆರಳಗಲದ ರಂಧ್ರದ ಮೂಲಕವೇ ಸರಿಪಡಿಸಬಹುದು. ಇನ್ನು ಕೆಲವಕ್ಕೆ ಎಷ್ಟು ದೊಡ್ಡ ಗಾಯ ಮಾಡಿದರೂ ಪರಿಹಾರವಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವುದು ಎಲ್ಲ ಊರುಗಳಲ್ಲೂ ಮುಖ್ಯವೇ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಇನ್ನಷ್ಟು ಮುಖ್ಯ. ಏಕೆಂದರೆ ಬೇರೆ ಕಡೆ ಅಪರೂಪವೆನಿಸುವ ಒಂದು ಕಾರಣ ಇಲ್ಲಿ ಮನೆಯ ಕೊಡದಲ್ಲೇ ಇರಬಹುದು.

ರಂಧ್ರದ ಮೂಲಕ ಚಿಕಿತ್ಸೆ

ಸೊಂಟದ ಕೀಲು ದೇಹದ ಅತ್ಯಂತ ಆಳವಾದ ಕೀಲುಗಳಲ್ಲಿ ಒಂದು. ತೊಡೆಯ ಎಲುಬಿನ ಚೆಂಡಿನಂಥ ತಲೆ ಸೊಂಟದ ಎಲುಬಿನ ಬಟ್ಟಲಿನಲ್ಲಿ ಕುಳಿತಿರುತ್ತದೆ. ಬಟ್ಟಲಿನ ಅಂಚಿಗೆ ಮೆತ್ತನೆಯ ಬಳೆಯಂಥ ಒಂದು ಪಟ್ಟಿ. ಸುತ್ತಲೂ ದಪ್ಪ ಸ್ನಾಯುಗಳು, ಗಟ್ಟಿಯಾದ ಕಟ್ಟುಗಳು. ಮೊಣಕಾಲಿನೊಳಗೆ ದುರ್ಬೀನು ತೂರಿಸಿ ನೋಡುವುದು ಕಳೆದ ಶತಮಾನದ ಆರಂಭದಲ್ಲೇ ಸಾಧ್ಯವಾಗಿತ್ತು. ಸೊಂಟ ಮಾತ್ರ ಸುಲಭವಾಗಿ ಮಣಿಯಲಿಲ್ಲ. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಕೀಲುಗಳನ್ನು ಪರೀಕ್ಷಿಸಿ, ಚೆಂಡು ಮತ್ತು ಬಟ್ಟಲಿನ ನಡುವೆ ಸೂಜಿ ತೂರಿಸುವುದೇ ಅಸಾಧ್ಯವೆಂಬ ತೀರ್ಮಾನಕ್ಕೆ ಬಂದಿದ್ದ. 1939ರಲ್ಲಿ ಜಪಾನಿನ ಕೆಂಜಿ ತಕಾಗಿ ಕೆಲವು ರೋಗಿಗಳ ಸೊಂಟದ ಕೀಲನ್ನು ಹೀಗೆ ನೋಡಿದ ವರದಿ ಪ್ರಕಟಿಸಿದ. ಕಾಲನ್ನು ಯಂತ್ರದಿಂದ ಎಳೆದು ಹಿಡಿದು ಕೀಲಿನೊಳಗೆ ಒಂದಿಷ್ಟು ಅವಕಾಶ ಮಾಡಿಕೊಳ್ಳುವ ವಿಧಾನ ರೂಢಿಗೆ ಬಂದ ಮೇಲೆಯೇ ಈ ಶಸ್ತ್ರಚಿಕಿತ್ಸೆ ಬೆಳೆಯಿತು.

ಇದಕ್ಕೆ ನಿಜವಾದ ಬೇಡಿಕೆ ಬಂದದ್ದು 2003ರ ನಂತರ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು ಆ ವರ್ಷ ಒಂದು ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟರು. ಕೆಲವರಲ್ಲಿ ತೊಡೆಯ ಎಲುಬಿನ ಕುತ್ತಿಗೆಯ ಬಳಿ ಚಿಕ್ಕ ಉಬ್ಬು ಇರುತ್ತದೆ. ಇಲ್ಲವೇ ಬಟ್ಟಲಿನ ಅಂಚು ತುಸು ಹೆಚ್ಚು ಮುಂದೆ ಬಂದಿರುತ್ತದೆ. ಕಾಲು ಮಡಿಸಿದಾಗಲೆಲ್ಲ ಇವೆರಡೂ ತಾಗಿ, ಅಂಚಿನ ಮೆತ್ತನೆಯ ಪಟ್ಟಿ ಹರಿಯುತ್ತದೆ. ತೊಡೆಸಂದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಬಹಳ ಹೊತ್ತು ಕುಳಿತರೆ, ಕುಕ್ಕರಗಾಲಿನಲ್ಲಿ ಕೂತರೆ ನೋವು ಹೆಚ್ಚು. ಹೀಗಿದ್ದಲ್ಲಿ ಶಸ್ತ್ರವೈದ್ಯರು ಸುಮಾರು ಒಂದು ಸೆಂಟಿಮೀಟರಿನ ಎರಡು ಮೂರು ರಂಧ್ರಗಳ ಮೂಲಕ ದುರ್ಬೀನು ಮತ್ತು ಉಪಕರಣಗಳನ್ನು ಇಳಿಸಿ, ಉಬ್ಬನ್ನು ಒರೆದು, ಹರಿದ ಪಟ್ಟಿಯನ್ನು ಹೊಲಿಯುತ್ತಾರೆ. ಕೀಲು ಇನ್ನೂ ಸವೆಯದ ಯುವಕರಲ್ಲಿ ಇದರಿಂದ ಒಳ್ಳೆಯ ಫಲ ಸಿಗಬಹುದು. ವ್ಯಾಯಾಮ, ಔಷಧಿಗಳಿಂದ ಗುಣ ಕಾಣದಿದ್ದಾಗ ಮಾತ್ರ ಇದರ ಸರದಿ.

ಕೊಪ್ಪಳದಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಇಂಥ ಚಿಕಿತ್ಸೆ ಪಡೆಯುವುದು ಇಂದು ಅಸಾಧ್ಯವೇನಲ್ಲ. ಆದರೆ ಅದಕ್ಕೆ ಒಂದು ಷರತ್ತಿದೆ: ತೊಂದರೆ ಆ ಕೀಲಿನೊಳಗೇ, ಆ ಒಂದು ಜಾಗದಲ್ಲೇ ಇರಬೇಕು. ಇಡೀ ಅಸ್ಥಿಪಂಜರವೇ ಬದಲಾಗುತ್ತಿದ್ದರೆ ಒಂದು ರಂಧ್ರದಿಂದ ಮಾಡುವುದೇನು?

ಗಟ್ಟಿಯಾಗುತ್ತಲೇ ಬಿರುಸಾಗುವ ಎಲುಬು

ಫ್ಲೋರೈಡ್ ಮಾಡುವುದು ಇದನ್ನೇ. ನೀರಿನಲ್ಲಿ ಕರಗಿದ ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿದ ಫ್ಲೋರೈಡಿನ ಒಂದು ಭಾಗವನ್ನು ಮೂತ್ರಪಿಂಡ ಹೊರಹಾಕುತ್ತದೆ. ಉಳಿದದ್ದರಲ್ಲಿ ಬಹುಪಾಲು ಎಲುಬಿನಲ್ಲಿ ಸೇರುತ್ತದೆ. ಎಲುಬಿನ ಖನಿಜದ ಹರಳಿನೊಳಗೆ ನುಗ್ಗಿ, ಅಲ್ಲಿದ್ದ ಅಂಶವನ್ನು ಹೊರದೂಡಿ ತಾನು ಕೂರುತ್ತದೆ. ಹೀಗೆ ಬದಲಾದ ಎಲುಬು ಕ್ಷಕಿರಣ ಚಿತ್ರದಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಆದರೆ ದಟ್ಟವಾದದ್ದೆಲ್ಲ ಬಲವಾದದ್ದಲ್ಲ. ಅದು ಬಿರುಸಾಗಿ ಮುರಿಯುವ ಸಂಭವವೇ ಹೆಚ್ಚು. ಇನ್ನೂ ಮುಂದುವರಿದರೆ ಕೀಲುಗಳನ್ನು ಹಿಡಿದಿಡುವ ಕಟ್ಟುಗಳು ಮತ್ತು ಸ್ನಾಯು ಎಲುಬಿಗೆ ಅಂಟುವ ಜಾಗಗಳು ಸುಣ್ಣಗಟ್ಟುತ್ತವೆ. ಬೆನ್ನುಹುರಿಯ ಮಣಿಗಳು ಒಂದಕ್ಕೊಂದು ಬೆಸೆದು ಬೆನ್ನು ಬಾಗದಂತಾಗುತ್ತದೆ. ಸೊಂಟದ ಕೀಲು ಅರ್ಧ ಮಡಿಸಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ತೀರ ಕೊನೆಯ ಹಂತದಲ್ಲಿ ಬೆನ್ನುಹುರಿಯ ನರದ ಮೇಲೆ ಒತ್ತಡ ಬಿದ್ದು ಕಾಲುಗಳ ಬಲವೇ ಹೋಗಬಹುದು. ಇದಕ್ಕೆ ಫ್ಲೋರೋಸಿಸ್ ಎಂದು ಹೆಸರು.

ಇದೆಲ್ಲ ಒಂದೆರಡು ವರ್ಷದ ಮಾತಲ್ಲ. ಹತ್ತಾರು ವರ್ಷ ನೀರು ಕುಡಿದ ಮೇಲೆ, ಮನುಷ್ಯ ದುಡಿದು ಸಂಸಾರ ಹೊರುವ ವಯಸ್ಸಿನಲ್ಲಿ, ಮೊದಲ ನೋವು ಬರುತ್ತದೆ. ಆಗ ಕ್ಷಕಿರಣದಲ್ಲಿ ಏನೂ ಕಾಣದೇ ಇರಬಹುದು. ಕೀಲುವಾತವೆಂದೋ ಬೆನ್ನುಹುರಿ ಬೆಸೆಯುವ ಇನ್ನೊಂದು ರೋಗವೆಂದೋ ತಪ್ಪು ತಿಳಿದು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿಸುವುದೂ ಉಂಟು.

ಜಗತ್ತಿಗೆ ತಿಳಿದದ್ದು ಹೇಗೆ

ಫ್ಲೋರೈಡಿನ ಕಥೆ ಆರಂಭವಾದದ್ದು ಹಲ್ಲಿನಿಂದ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನ ದಂತವೈದ್ಯ ಫ್ರೆಡರಿಕ್ ಮೆಕೇ ಕಳೆದ ಶತಮಾನದ ಆರಂಭದಲ್ಲಿ ಆ ಊರಿನ ಜನರ ಹಲ್ಲಿನ ಮೇಲಿನ ಕಂದು ಕಲೆಯ ಬೆನ್ನು ಹತ್ತಿದ. ಕಲೆಗೆ ನೀರೇ ಕಾರಣವೆಂದು ಊಹಿಸಿದರೂ ನೀರಿನಲ್ಲಿ ಏನಿದೆಯೆಂಬುದು ಅವನಿಗೆ ಸಿಗಲಿಲ್ಲ. 1931ರಲ್ಲಿ ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅದು ಫ್ಲೋರೈಡ್ ಎಂದು ಕಂಡುಹಿಡಿದ. ಮರುವರ್ಷವೇ ಡೆನ್ಮಾರ್ಕಿನಲ್ಲಿ ಫ್ಲೋರೈಡ್ ಭರಿತ ಖನಿಜದ ಧೂಳಿನಲ್ಲಿ ದುಡಿಯುವ ಕಾರ್ಮಿಕರ ಎಲುಬುಗಳು ಅಸಹಜವಾಗಿ ದಟ್ಟವಾಗಿರುವುದು ಬೆಳಕಿಗೆ ಬಂತು.

ಭಾರತದಲ್ಲಿ ಈ ರೋಗ ಕಾರ್ಖಾನೆಯಿಂದಲ್ಲ, ಬಾವಿಯಿಂದ ಬಂತು. 1937ರಲ್ಲಿ ಮದರಾಸಿನ ಗಿಂಡಿಯ ಕಿಂಗ್ ಇನ್ಸ್ಟಿಟ್ಯೂಟಿನ ಎಚ್. ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು ಆಗಿನ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಸೆಟೆದು ನಡೆಯಲಾರದ ರೈತರನ್ನು ಪರೀಕ್ಷಿಸಿ, ಅದು ನೀರಿನ ಫ್ಲೋರೈಡಿನ ಫಲವೆಂದು ವರದಿ ಮಾಡಿದರು. ಮಲೇರಿಯಾ ಜೀವಿ ಮನುಷ್ಯನ ಪಿತ್ತಜನಕಾಂಗದಲ್ಲಿ ಅಡಗುವುದನ್ನು 1948ರಲ್ಲಿ ತೋರಿಸಿದವರಲ್ಲಿ ಒಬ್ಬ ಇದೇ ಶಾರ್ಟ್. ಆದರೆ ಆ ಹಳ್ಳಿಗಳ ರೈತರು ಅದಕ್ಕೂ ಮೊದಲೇ ತಮ್ಮ ಎತ್ತುಗಳು ಕಾಲು ಸೆಟೆದು ನಡೆಯಲಾರದಂತಾದುದನ್ನು ಗಮನಿಸಿದ್ದರೆಂದು ಹೇಳುತ್ತಾರೆ. ಎತ್ತುಗಳೂ ಅದೇ ನೀರನ್ನೇ ಕುಡಿಯುತ್ತಿದ್ದವಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಇನ್ನೊಂದು ಅಂಶವನ್ನು ಬಯಲಿಗೆಳೆದರು. ಆಂಧ್ರದ ಫ್ಲೋರೈಡ್ ಪ್ರದೇಶದ ಹದಿಹರೆಯದವರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಜೋಳವೇ ಮುಖ್ಯ ಆಹಾರವಾದವರಲ್ಲಿ ಇದು ಹೆಚ್ಚು. ಅಕ್ಕಿ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ರೊಟ್ಟಿಯ ಸೀಮೆಗೆ ಇದು ಗಂಭೀರವಾದ ಮಾತು. ಹಾಗೆಂದು ತಪ್ಪು ಜೋಳದ್ದಲ್ಲ. ಶತಮಾನಗಳಿಂದ ಈ ಜನರನ್ನು ಸಾಕಿದ ಕಾಳು ಅದು. ಬದಲಾದದ್ದು ಅದರ ಜೊತೆಗೆ ಕುಡಿಯುವ ನೀರು.

ಟೊಂಕದ ನೋವಿಗೆಲ್ಲ ನೀರನ್ನೇ ಹೊಣೆ ಮಾಡುವುದೂ ತಪ್ಪಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, ಮುಖ್ಯವಾಗಿ ದಲಿತ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ, ಸೊಂಟದ ಕೀಲು ಸವೆದು ನಡೆಯಲಾಗದ ಕಾಯಿಲೆ ಕಾಣಿಸಿಕೊಂಡಿತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಹಬ್ಬಿತ್ತು. ಅಲ್ಲಿಗೂ ಹೋಗಿ ಅಧ್ಯಯನ ಮಾಡಿದವರಲ್ಲಿ ಕೃಷ್ಣಮಾಚಾರಿ ಒಬ್ಬರು; ರಮೇಶ ಭಟ್ ಅವರೊಡನೆ 1977ರಲ್ಲಿ ವರದಿ ಪ್ರಕಟಿಸಿದರು. ಅದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಆನುವಂಶಿಕ ರೋಗವೆಂಬುದು ಈಗ ಸ್ಥಿರಪಟ್ಟಿದೆ. ಮಲೆನಾಡಿನಲ್ಲಿ ರಕ್ತಸಂಬಂಧದ ದಾರಿ ಹಿಡಿದು ಬಂದದ್ದು ಬಯಲುಸೀಮೆಯಲ್ಲಿ ಕೊಳವೆಯ ದಾರಿ ಹಿಡಿದು ಬಂತು. ನೋವು ಒಂದೇ ಬಗೆಯದಾಗಿ ಕಂಡರೂ ಮೂಲ ಹುಡುಕದೆ ಮದ್ದು ಕೊಡಲಾಗದು.

ಒಂದು ಜಿಲ್ಲೆ, ಎರಡು ನೀರು

1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದದ್ದು ಈ ನಾಲ್ಕು ತಾಲ್ಲೂಕುಗಳು. ಇತ್ತೀಚೆಗೆ ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾಗಿವೆ. ಗಡಿಗಳು ಬದಲಾದರೂ ನೀರಿನ ಲೆಕ್ಕದಲ್ಲಿ ಜಿಲ್ಲೆ ಎಂದಿನಿಂದಲೂ ಎರಡು ಭಾಗ. ತುಂಗಭದ್ರೆಯ ದಂಡೆಯ ಗಂಗಾವತಿ, ಆನೆಗೊಂದಿ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತವೆ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ಅಣೆಕಟ್ಟು ಸಿದ್ಧವಾಗಿ 1953ರಲ್ಲಿ ನೀರು ಹರಿದ ಮೇಲೆ ಎಡದಂಡೆ ಕಾಲುವೆ ಆ ಬಯಲನ್ನು ಭತ್ತದ ಕಣಜ ಮಾಡಿತು. ಆದರೆ ಕಾಲುವೆ ಪೂರ್ವಕ್ಕೆ ಇಳಿಜಾರು ಹಿಡಿದು ಹೋಯಿತು. ಉತ್ತರ, ಪಶ್ಚಿಮದ ಎತ್ತರದ ನೆಲವಾದ ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೂ ನೆಲದಡಿಯ ನೀರನ್ನೂ ನಂಬಿಕೊಂಡೇ ಉಳಿದವು.

ಆ ನೆಲದ ಕೆಳಗಿರುವುದು ಗ್ರಾನೈಟ್ ಮತ್ತು ಅದರ ಜಾತಿಯ ಗಟ್ಟಿ ಶಿಲೆ. ಕುಷ್ಟಗಿಯ ಕಲ್ಲುಗಣಿಗಳಿಂದ ಹೊರದೇಶಕ್ಕೆ ಹೋಗುವ ನುಣುಪು ಕಲ್ಲು ಇದೇ. ಈ ಕಲ್ಲಿನ ಕಪ್ಪು ಚುಕ್ಕೆಗಳಾದ ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ನೀರಿನಲ್ಲಿ ಸೋಡದ ಅಂಶ ಹೆಚ್ಚಿ ಸುಣ್ಣದ ಅಂಶ ಕಡಿಮೆಯಾದಲ್ಲಿ ಕಲ್ಲಿನ ಫ್ಲೋರೈಡ್ ಇನ್ನಷ್ಟು ಸುಲಭವಾಗಿ ಕರಗುತ್ತದೆ. ಸಾಮಾನ್ಯವಾಗಿ ಆಳಕ್ಕಿಳಿದಷ್ಟೂ, ನೀರು ಕಲ್ಲಿನ ಸಂಗ ಮಾಡಿದ ಕಾಲ ಹೆಚ್ಚಿದಷ್ಟೂ ಪ್ರಮಾಣ ಏರುತ್ತದೆ.

ಹಾಗಾದರೆ ಜನ ಅಷ್ಟು ಆಳದ ನೀರಿಗೆ ಏಕೆ ಹೋದರು? ಇದಕ್ಕೆ ಉತ್ತರ ಇನ್ನೊಂದು ರೋಗದಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬುವ ಬಾವಿಗಳಿದ್ದವು. ನಾರುಹುಣ್ಣಿನ ಹುಳು ಹರಡುತ್ತಿದ್ದುದು ಈ ಬಾವಿಗಳಿಂದಲೇ. ರೋಗಿಯ ಕಾಲಿನ ಹುಣ್ಣಿನಿಂದ ಮರಿಹುಳುಗಳು ನೀರಿಗಿಳಿದು, ಅಲ್ಲಿನ ಸೂಕ್ಷ್ಮಜೀವಿಯೊಂದರ ಹೊಟ್ಟೆ ಸೇರಿ, ನೀರು ಕುಡಿದವನ ದೇಹಕ್ಕೆ ಹೋಗುತ್ತಿದ್ದವು. ಕಾಲರಾ, ಆಮಶಂಕೆಗಳೂ ಇದೇ ದಾರಿಯಲ್ಲಿ ಬರುತ್ತಿದ್ದವು. ಇದರ ಮೇಲೆ ಬರಗಾಲ. 1970ರ ದಶಕದಿಂದ ಗಟ್ಟಿ ಕಲ್ಲು ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದವು. ಬೋರಿಂಗಿನ ಮೇಲೆ ಕೈಪಂಪು ನಿಂತಿತು. ಮೆಟ್ಟಿಲುಬಾವಿಗಳು ಮುಚ್ಚಿದವು. ದೇಶದ ಕೊನೆಯ ನಾರುಹುಣ್ಣಿನ ಪ್ರಕರಣ 1996ರಲ್ಲಿ ದಾಖಲಾಗಿ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಸಾರ್ವಜನಿಕ ಆರೋಗ್ಯದ ದೊಡ್ಡ ಗೆಲುವು ಅದು. ಆದರೆ ಹುಳುವಿಲ್ಲದ ತಿಳಿನೀರನ್ನು ಕೊಟ್ಟ ಅದೇ ಕೊಳವೆ ಕೆಲವು ಊರುಗಳಿಗೆ ಕಲ್ಲಿನ ಲವಣವನ್ನೂ ತಂದುಕೊಟ್ಟಿತು. ಕೊಳವೆ ಹಾಕಿದವರಿಗೂ ನೀರು ಸೇದಿದವರಿಗೂ ಅದು ಕಣ್ಣಿಗೆ ಕಾಣಲಿಲ್ಲ. ಮುಂದೆ ವಿದ್ಯುತ್ ಪಂಪುಗಳು ಬಂದು ಅಂತರ್ಜಲ ಇನ್ನೂ ಕೆಳಗಿಳಿದಾಗ ತೊಂದರೆ ಬೆಳೆಯಿತು.

ಹಲ್ಲು ಹೇಳುವ ಸಾಕ್ಷಿ

ಈ ವಿಷ ತನ್ನ ಮೊದಲ ಗುರುತನ್ನು ಮಕ್ಕಳ ಹಲ್ಲಿನ ಮೇಲೆ ಬರೆಯುತ್ತದೆ. ಸುಮಾರು ಎಂಟು ವರ್ಷದೊಳಗೆ, ದವಡೆಯಲ್ಲಿ ಹಲ್ಲಿನ ಹೊದಿಕೆ ಬಲಿಯುವ ಕಾಲದಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಅಡ್ಡಗೆರೆ, ಆಮೇಲೆ ಹಳದಿ ಅಥವಾ ಕಂದು ಕಲೆ ಮೂಡುತ್ತದೆ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯ ಸಂಕೋಚ, ಸಂಬಂಧ ನೋಡುವಾಗ ಎದುರಾಗುವ ಮಾತು ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ಶಾಲೆಯೊಂದರಲ್ಲಿ ಹತ್ತಾರು ಮಕ್ಕಳ ಹಲ್ಲು ಹೀಗಿದ್ದರೆ ಆ ಊರಿನ ನೀರನ್ನು ಕೂಡಲೇ ಪರೀಕ್ಷಿಸಬೇಕೆಂಬ ಎಚ್ಚರಿಕೆ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಲ್ಲು ಬಾಲ್ಯದ ನೀರನ್ನಷ್ಟೇ ಹೇಳುತ್ತದೆ. ಬೇರೆ ಊರಿನಲ್ಲಿ ಒಳ್ಳೆಯ ನೀರು ಕುಡಿದು ಬೆಳೆದು, ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಗಳ ಹಲ್ಲು ಬಿಳುಪಾಗಿಯೇ ಇರುತ್ತದೆ. ಇಪ್ಪತ್ತು ವರ್ಷದ ನಂತರ ಅವಳ ಟೊಂಕ ಮಾತ್ರ ಹಿಡಿಯುತ್ತದೆ. ಹೆರಿಗೆ, ಮೊಲೆಹಾಲೂಡಿಕೆಗಳಿಂದ ಸುಣ್ಣದ ಅಂಶ ಕಡಿಮೆಯಾದ ದೇಹಕ್ಕೆ ಫ್ಲೋರೈಡಿನ ಪೆಟ್ಟು ಇನ್ನೂ ಜೋರು. ಹಲ್ಲು ಚೆನ್ನಾಗಿದೆಯೆಂದು ಫ್ಲೋರೋಸಿಸ್ ಅಲ್ಲವೆನ್ನಲಾಗದು.

ಎಲುಬಿನ ಫ್ಲೋರೋಸಿಸ್ ಅನುಮಾನಿಸಲು ಯಂತ್ರ ಬೇಕಿಲ್ಲದ ಮೂರು ಪರೀಕ್ಷೆಗಳಿವೆ. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಹಿಂದಲೆಗೆ ಒಯ್ಯುವುದು. ಮಧ್ಯವಯಸ್ಸಿನ ಮನುಷ್ಯನಿಗೆ ಇವು ಮೂರೂ ಕಷ್ಟವಾದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆಯೇ ಆದರೆ, ಮುಂದಿನ ಹೆಜ್ಜೆ ನೀರಿನ ಮತ್ತು ಮೂತ್ರದ ಪರೀಕ್ಷೆ. ಮುಂಗೈಯ ಕ್ಷಕಿರಣ ಚಿತ್ರದಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡರೆ ಅನುಮಾನ ಬಲವಾಗುತ್ತದೆ. ಸೊಂಟದ ನೋವಿಗೆ ಕೈಯ ಚಿತ್ರ ತೆಗೆಸುವ ವೈದ್ಯರನ್ನು ಕಂಡು ರೋಗಿಯ ಕಡೆಯವರು ಅಚ್ಚರಿಪಡಬೇಕಿಲ್ಲ.

ಔಷಧಿ ಯಾವುದು

ಎಲುಬಿಗೆ ಸೇರಿದ ಫ್ಲೋರೈಡನ್ನು ಹೊರತೆಗೆಯುವ ಮಾತ್ರೆ ಇಲ್ಲ. ಸುಣ್ಣಗಟ್ಟಿದ ಕಟ್ಟುಗಳನ್ನು ದುರ್ಬೀನಿನಿಂದ ಬಿಡಿಸಿ ಕೀಲನ್ನು ಹಿಂದಿನಂತೆ ಮಾಡಲೂ ಆಗದು. ಪೂರ್ತಿ ಕೆಟ್ಟ ಕೀಲನ್ನು ಬದಲಿಸಬಹುದು. ನರದ ಮೇಲಿನ ಒತ್ತಡವನ್ನು ಶಸ್ತ್ರಚಿಕಿತ್ಸೆಯಿಂದ ಇಳಿಸಬಹುದು. ಆದರೆ ಕಲ್ಲಿನಂತೆ ಗಟ್ಟಿಯಾಗಿ, ಬಿರುಸಾಗಿ ಸೀಳುವ ಎಲುಬನ್ನು ಕೊರೆಯುವುದು ಅನುಭವಿ ಕೈಗೂ ಕಷ್ಟ. ಚಿಕಿತ್ಸೆಯಾದ ಮೇಲೆ ಮನೆಗೆ ಮರಳಿ ಅದೇ ನೀರು ಕುಡಿದರೆ ಮಾಡಿದ್ದೆಲ್ಲ ವ್ಯರ್ಥ.

ಸಮಾಧಾನದ ಸಂಗತಿಯೆಂದರೆ ಎಲುಬು ಸತ್ತ ಕಲ್ಲಲ್ಲ. ಅದು ಸದಾ ಕರಗುತ್ತ, ಕಟ್ಟುತ್ತ ಇರುತ್ತದೆ. ನೀರು ಬದಲಿಸಿದರೆ ಸೇರಿದ ಫ್ಲೋರೈಡ್ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಆರಂಭದ ಹಂತದ ನೋವು, ಬಿಗಿತ ಕಡಿಮೆಯಾಗುವುದುಂಟು. ಹಾಲು, ಮಜ್ಜಿಗೆ, ಸೊಪ್ಪು, ಎಳ್ಳು, ರಾಗಿಗಳ ಸುಣ್ಣದ ಅಂಶ ಮತ್ತು ನೆಲ್ಲಿ, ನಿಂಬೆ, ಪೇರಲೆಗಳ ಸಿ ಜೀವಸತ್ವ ನೆರವಾಗುತ್ತವೆ. ಕಡು ಚಹಾ, ಕಪ್ಪು ಉಪ್ಪುಗಳಲ್ಲಿ ಫ್ಲೋರೈಡ್ ಇರುವುದರಿಂದ ಅವನ್ನು ಕಡಿಮೆ ಮಾಡುವುದು ಒಳ್ಳೆಯದು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಪ್ರಮಾಣ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಬಿರುಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವನು ನೆರಳಿನಲ್ಲಿ ಕೂರುವವನಿಗಿಂತ ಹೆಚ್ಚು ನೀರು ಕುಡಿಯುತ್ತಾನೆ. ಅವನ ಪಾಲಿಗೆ ಈ ಮಿತಿಯೂ ಇಕ್ಕಟ್ಟೇ. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಸ್ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ 'ನಲ್ಗೊಂಡ ವಿಧಾನ'ವನ್ನು ರೂಪಿಸಿತು. ಈಗ ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧೀಕರಣ ಘಟಕಗಳಿವೆ. ಕೆಲಸ ಮಾಡುವವರೆಗೆ ಅವು ವರವೇ. ಪೊರೆ ಹಾಳಾಗಿ, ದುರಸ್ತಿಯಿಲ್ಲದೆ ಬೀಗ ಬಿದ್ದರೆ ಜನ ಮತ್ತೆ ಬೋರಿಂಗಿಗೆ ಮರಳುತ್ತಾರೆ. ಕೃಷ್ಣಾ ನದಿಯ ನೀರನ್ನು ಕುಷ್ಟಗಿ, ಯಲಬುರ್ಗಾ ಹಳ್ಳಿಗಳಿಗೆ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆಯ ಮಹತ್ವ ಇರುವುದು ಇಲ್ಲಿ. ಅದರ ನಲ್ಲಿಯಲ್ಲಿ ಒಂದು ವಾರ ನೀರು ನಿಂತರೆ ಅದು ಬರೀ ಅನನುಕೂಲವಲ್ಲ, ಎಲುಬಿಗೆ ಬೀಳುವ ಲೆಕ್ಕ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಾಳಿಗೆಯ ನೀರನ್ನು ಹಿಡಿದಿಟ್ಟುಕೊಂಡರೆ ಒಂದು ಮನೆಯ ಕುಡಿಯುವ ಅಗತ್ಯದ ಸ್ವಲ್ಪ ಭಾಗವಾದರೂ ನೀಗುತ್ತದೆ. ಕೆರೆ ತುಂಬಿದರೆ ನೆಲದಡಿಯ ನೀರು ತಿಳಿಯಾಗುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಸೇರಿ ಹಿರೇಹಳ್ಳದ ಹೂಳು ತೆಗೆದರು. ಆ ಸುಮಾರಿನಲ್ಲೇ ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತುವ ಕೆಲಸವೂ ನಡೆಯಿತು. ಕೃಷಿಗಾಗಿ, ದನಕರುಗಳಿಗಾಗಿ ಎಂದು ಮಾಡಿದ ಈ ಕೆಲಸಗಳು ಟೊಂಕದ ಕಾಯಿಲೆಗೂ ದೂರದ ಮದ್ದು.

ಕೀಲಿನೊಳಗೆ ದುರ್ಬೀನು ಇಳಿಸುವ ವಿದ್ಯೆ ನಿಜಕ್ಕೂ ದೊಡ್ಡದು. ಅದು ಬೇಕಾದವರಿಗೆ ಸಿಗಬೇಕು. ಆದರೆ ಸಾಲ ಮಾಡಿ ದೂರದ ಊರಿಗೆ ಹೊರಡುವ ಮೊದಲು ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡುವುದು ಈ ಸೀಮೆಯವರು ಮಾಡಬಹುದಾದ ಅಗ್ಗದ ತಪಾಸಣೆ. ಜಿಲ್ಲಾ ಮಟ್ಟದಲ್ಲಿ ಕುಡಿಯುವ ನೀರಿನ ಪ್ರಯೋಗಾಲಯಗಳಿವೆ. ಹಳ್ಳಿಯಲ್ಲೇ ಬಣ್ಣದಿಂದ ಪ್ರಮಾಣ ತಿಳಿಸುವ ಪೆಟ್ಟಿಗೆಗಳೂ ಬಂದಿವೆ. ಟೊಂಕ ಹಿಡಿದ ಅಜ್ಜನಿಗೆ ಅದರಿಂದ ಆಗುವ ಉಪಕಾರ ಅಲ್ಪವಿರಬಹುದು. ಅದೇ ಕೊಡದ ನೀರನ್ನು ಕುಡಿಯುತ್ತಿರುವ ಮೊಮ್ಮಗಳಿಗೆ ಮಾತ್ರ ಹಲ್ಲೂ ಉಳಿಯುತ್ತದೆ, ಟೊಂಕವೂ ಉಳಿಯುತ್ತದೆ.